ಹಳೆ ಬಾಗಿಲಿನ ಬಣ್ಣ, ಬ್ಯಾಟರಿ ಅಂಗಡಿಯ ಧೂಳು ಮತ್ತು 20 ತಿಂಗಳ ಕೂಸು

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಮುಳುಗಡೆ ಆದಾಗ ಮಾವನವರು ಸಾಗವಾನಿಯ ತಲೆಬಾಗಿಲು, ಎರಡು ಕಿಟಕಿ ಬಿಚ್ಚಿಕೊಂಡು ಬಂದು ಇಲ್ಲಿ ಕೂಡಿಸಿದ್ದಾರೆ. ಅವುಗಳ ಮೇಲೆ ಹಸಿರು, ಹಳದಿ ಆಯಿಲ್ ಪೇಂಟ್ ಪದರು ಪದರಾಗಿದೆ. ಈಗ ಚಕ್ಕೆ ಏಳುತ್ತಿದೆ. 20 ತಿಂಗಳ ಮಗ ಕಿಟಕಿ ಹಿಡಿದು ನಿಂತು ಚೌಕಟ್ಟು ಕಚ್ಚುತ್ತಾನೆ. ಮೈದುನನ ಮದುವೆ ಹತ್ತಿರ ಬಂತು. ಮಷೀನ್ ಹಚ್ಚಿ ಉಜ್ಜಿ ಹೊಸ ಬಣ್ಣ ಹೊಡೆಯುತ್ತೇನೆ ಅಂತ ಪೇಂಟರ್ ಹೇಳಿದ್ದಾನೆ. ನಮ್ಮ ಯಜಮಾನರು ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅತ್ತೆ ಕೂಸಿಗೆ ಕಾಡಿಗೆ ಹಚ್ಚುತ್ತಾರೆ, ಗುಟ್ಟಿ ಹಾಕುತ್ತಾರೆ. ಅರಿಶಿನದಲ್ಲಿ ಸೀಸ ಇರುತ್ತದೆ ಎಂಬ ವಿಡಿಯೋ ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ನನಗೀಗ ನಾಲ್ಕು ತಿಂಗಳು. ಮಗನ ರಕ್ತ ತಪಾಸಣೆ ಮಾಡಿಸಬೇಕಾ? ಸೀಸ ಹೊರಗೆ ತೆಗೆಯುವ ಔಷಧ ಇದೆಯಾ?
— ಒಬ್ಬ ತಾಯಿ, ನವನಗರ

ಉತ್ತರ: ಮೊದಲು ಪೇಂಟರ್‌ಗೆ ಫೋನ್ ಮಾಡಿ, ಮಷೀನ್ ತರುವುದು ಬೇಡ ಅಂತ ಹೇಳಿಬಿಡಿ. ಇದನ್ನು ಆಮೇಲೆ ಕೂತು ಓದಿದರೂ ನಡೆಯುತ್ತದೆ.

ಯಾಕೆ ಇಷ್ಟು ಅವಸರ ಅಂದ್ರೆ, ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ತುಂಬಾ ಜಾಸ್ತಿ. ಅದರಲ್ಲೂ ಹಳದಿ ಮತ್ತು ಹಸಿರು. ಗಾಢ ಹಳದಿ ಬರಲಿ ಎಂದು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಹಾಕುತ್ತಿದ್ದರು. ಅದಕ್ಕೇ ನೀಲಿ ಬೆರೆಸಿದರೆ ಹಸಿರು. ಬೇಗ ಒಣಗಲಿ ಎಂದೂ ಸೀಸ ಸೇರಿಸುತ್ತಿದ್ದರು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್ 1ರಿಂದ. ನಿಮ್ಮ ಮಾವನವರ ಬಾಗಿಲು ಅದಕ್ಕಿಂತ ಎಷ್ಟೋ ಹಿಂದಿನದು. ಕೆಳಗಿನ ಪದರಗಳು ಇನ್ನೂ ಹಳೆಯವು.

ಲೆಕ್ಕ ಹಾಕಿ ನೋಡೋಣ. ಬಣ್ಣದ ನೂರು ಪಾಲಿನಲ್ಲಿ ಅರ್ಧ ಪಾಲು, ಅಂದರೆ 5,000 ಪಿಪಿಎಂ ಸೀಸ ಇದೆ ಅಂತ ಇಟ್ಟುಕೊಳ್ಳಿ. ಹಳೆ ಬಣ್ಣಕ್ಕೆ ಇದು ದೊಡ್ಡ ಸಂಖ್ಯೆ ಏನಲ್ಲ. 100 ಮಿಲಿಗ್ರಾಂ ತೂಕದ ಒಂದು ಸಣ್ಣ ಚಕ್ಕೆಯಲ್ಲಿ ಆಗ 500 ಮೈಕ್ರೋಗ್ರಾಂ ಸೀಸ ಇರುತ್ತದೆ. ಮಗುವಿನ ಆಹಾರದಿಂದ ಹೋಗುವ ಸೀಸ ದಿನಕ್ಕೆ 2.2 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗೆರೆ ಎಳೆದಿದೆ. ಅಂದರೆ ಒಂದೇ ಚಕ್ಕೆಯಲ್ಲಿ ಇನ್ನೂರಕ್ಕೂ ಹೆಚ್ಚು ದಿನಗಳ ಪಾಲು. ಸೀಸದ ಉಪ್ಪಿಗೆ ಸ್ವಲ್ಪ ಸಿಹಿ ರುಚಿಯೂ ಇರುತ್ತದೆ. ಕಚ್ಚಿದ ಮಗು ಮತ್ತೆ ಮತ್ತೆ ಕಚ್ಚಲು ಅದೂ ಒಂದು ಕಾರಣ ಇರಬಹುದು.

ಆದರೂ ಚಕ್ಕೆಗಿಂತ ನನಗೆ ಧೂಳಿನ ಭಯ ಹೆಚ್ಚು. ಚಕ್ಕೆ ಕಣ್ಣಿಗೆ ಕಾಣುತ್ತದೆ, ಮಗುವಿನ ಬಾಯಿಂದ ತೆಗೆಯಬಹುದು. ಮಷೀನ್ ಹಚ್ಚಿದರೆ ಅದೇ ಬಣ್ಣ ಹಿಟ್ಟಿನಷ್ಟು ನುಣ್ಣಗಾಗಿ ಪಡಸಾಲೆಯಿಂದ ಅಡಿಗೆಮನೆ ತನಕ ಕೂರುತ್ತದೆ. ಹಾಸಿಗೆ, ಆಟಿಗೆ, ಕಿಟಕಿಯ ಕಟ್ಟೆ, ಒಣಹಾಕಿದ ಹಪ್ಪಳ ಯಾವುದನ್ನೂ ಬಿಡುವುದಿಲ್ಲ. ಈ ವಯಸ್ಸಿನ ಮಗು ನೆಲದ ಮೇಲೆ ಆಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ರಕ್ತದಲ್ಲಿ ಸೀಸ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಲ್ಲೇ ಹೆಚ್ಚಾಗಿ ಏರುವುದು ಇದೇ ಕಾರಣಕ್ಕೆ.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೇ ಒಂದು ಪಾಲು ರಕ್ತಕ್ಕೆ ಸೇರುತ್ತದೆ. ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಹೊಟ್ಟೆ ಖಾಲಿ ಇದ್ದರೆ, ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ನಮ್ಮ ಬಸ್ಸಿನಲ್ಲಿ ಸೀಟು ಖಾಲಿ ಕಂಡರೆ ಕಿಟಕಿಯಿಂದಲೇ ಟವೆಲ್ ಹಾಕಿ ಹಿಡಿಯುತ್ತಾರಲ್ಲ, ಕಬ್ಬಿಣ ಕುಳಿತುಕೊಳ್ಳಬೇಕಾದ ಜಾಗವನ್ನು ಸೀಸ ಹಾಗೇ ಹಿಡಿದುಬಿಡುತ್ತದೆ. ಇನ್ನೊಂದು ಸುತ್ತು ಇದೆ: ರಕ್ತ ಕಡಿಮೆ ಇರುವ ಮಕ್ಕಳಿಗೆ ಮಣ್ಣು, ಸುಣ್ಣ, ಬಳಪ ತಿನ್ನುವ ಚಟ ಬರುತ್ತದೆ. ತಿಂದದ್ದರಲ್ಲಿ ಸೀಸ ಇದ್ದರೆ ಅದು ರಕ್ತ ಆಗುವುದನ್ನೇ ತಡೆಯುತ್ತದೆ. ನಿಮ್ಮ ಮಗ ಚೌಕಟ್ಟು ಬಿಟ್ಟು ಬೇರೇನಾದರೂ ತಿನ್ನುತ್ತಾನಾ ಅಂತ ಎರಡು ದಿನ ಗಮನ ಇಟ್ಟು ನೋಡಿ.

ಈಗ ಬಾಗಿಲಿನ ವಿಷಯ. ಮುಳುಗಡೆಯಿಂದ ಉಳಿಸಿ ತಂದ ಬಾಗಿಲನ್ನು ಬಿಸಾಕಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಮಾವನವರು ನನ್ನನ್ನೇ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಬೇಕಾಗಿಯೂ ಇಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆ ಬಣ್ಣ ಅಷ್ಟು ತೊಂದರೆ ಕೊಡದು. ಅದನ್ನು ಒದ್ದೆ ಅರಿವೆಯಿಂದ ಒರೆಸಿ, ಮೇಲೆ ಪ್ರೈಮರ್, ಹೊಸ ಬಣ್ಣ ಹೊಡೆದು ಮುಚ್ಚಿಬಿಡಬಹುದು. ಚಕ್ಕೆ ಏಳುತ್ತಿರುವ ಕಡೆ, ಬಾಗಿಲು ಚೌಕಟ್ಟಿಗೆ ಉಜ್ಜುವ ಅಂಚಿನಲ್ಲಿ, ಮಗುವಿನ ಬಾಯಿಗೆ ನಿಲುಕುವ ಎತ್ತರದಲ್ಲಿ ಮಾತ್ರ ಕೆರೆಯಬೇಕು. ಅದನ್ನು ಒಣ ಇರುವಾಗ ಕೆರೆಯಬಾರದು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಹೊಡೆದು, ಒದ್ದೆ ಇರುವಾಗಲೇ ವಾಟರ್ ಪೇಪರ್‌ನಿಂದ ಕೈಯಲ್ಲಿ ಉಜ್ಜಬೇಕು. ಒಣಗುತ್ತಾ ಬಂದರೆ ಮತ್ತೆ ನೀರು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಟೇಪ್ ಹಚ್ಚಿ. ಫ್ಯಾನ್ ಬಂದ್. ಒಳಗಿನ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಅರಿವೆ ಇಡಿ. ಗ್ಯಾಸ್ ಟಾರ್ಚ್‌ನಿಂದ ಬಣ್ಣ ಸುಡುವ ಪದ್ಧತಿ ಕೆಲವು ಕಡೆ ಇದೆ. ಅದು ಬೇಡವೇ ಬೇಡ, ಸೀಸದ ಹೊಗೆ ನೇರ ಎದೆಗೆ ಹೋಗುತ್ತದೆ.

ಪೇಂಟರ್ ಇದಕ್ಕೆ ಎರಡು ದಿನ ಜಾಸ್ತಿ ಕೇಳುತ್ತಾನೆ. ಕೊಡಿ. ಅವನಿಗೂ ಮನೆಯಲ್ಲಿ ಮಕ್ಕಳಿರುತ್ತವೆ. ಒಳ್ಳೆ ಮಾಸ್ಕ್ ಕೊಡಿ, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಲು ಹೇಳಿ. ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಒಳಮುಖವಾಗಿ ಸುತ್ತಿ ಚೀಲದಲ್ಲಿ ಕಟ್ಟಲಿ. ನೆಲವನ್ನು ಒದ್ದೆ ಅರಿವೆಯಿಂದ ಎರಡು ಸಲ, ನೀರು ಬದಲಿಸಿ ಒರೆಸಬೇಕು. ಇಷ್ಟೂ ದಿನ ನೀವು ಮತ್ತು ಮಗು ತವರಿಗೆ ಹೋಗಿಬಿಡಿ. ಮದುವೆ ಮನೆಯಲ್ಲಿ ಸೊಸೆ ಇಲ್ಲದಿದ್ದರೆ ಹೇಗೆ ಅಂತ ಯಾರಾದರೂ ಕೇಳಿದರೆ ಡಾಕ್ಟರ್ ಹೇಳಿದ್ದಾರೆ ಅನ್ನಿ.

ಒಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹಳೆ ಕಿಟಕಿ ಚೌಕಟ್ಟು ಮುರಿದರೆ ನಮ್ಮಲ್ಲಿ ಅದು ಹೋಗುವುದು ಬಚ್ಚಲ ಒಲೆಗೆ. ಬಣ್ಣ ಹಚ್ಚಿದ ಕಟ್ಟಿಗೆ ಉರಿಸಿದರೆ ಸೀಸ ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವ ಮನೆಗಳಿವೆ. ಬಣ್ಣದ ಕಟ್ಟಿಗೆ ಒಲೆಗೆ ಹಾಕಲೇಬಾರದು.

ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಒಳಗಿದೆ ಎಂದು ಬರೆದಿದೆಯಾ ನೋಡಿ. ಆ ನಿಯಮ ಇರುವುದು ಮನೆಗೆ ಹೊಡೆಯುವ ಬಣ್ಣಕ್ಕೆ. ಗಾಡಿಗೆ, ಮಷೀನಿಗೆ ಹೊಡೆಯುವ ಬಣ್ಣ ಅದರೊಳಗೆ ಬರುವುದಿಲ್ಲ. ಟ್ರ್ಯಾಲಿಗೆ ಹೊಡೆದು ಉಳಿದದ್ದು, ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಅಟ್ಟದ ಮೇಲಿಟ್ಟ ಡಬ್ಬಿ, ಇಂಥದ್ದನ್ನು ತೆಗೆದು ಬರುವ ಕೂಸಿನ ತೊಟ್ಟಿಲಿಗೆ ಹಚ್ಚುವ ಉತ್ಸಾಹ ಮನೆಯಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಈಗಲೇ ಬೇಡ ಅನ್ನಿ.

ಇನ್ನು ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ವಿಷಯ: ಯಜಮಾನರ ಬ್ಯಾಟರಿ ಅಂಗಡಿ. ಅರಿಶಿನದ ಬಗ್ಗೆ ವಿಡಿಯೋ ಮಾಡುವವರಿಗೆ ಬರ ಇಲ್ಲ, ಗಂಡನ ಚಪ್ಪಲಿಯ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಮನೆಯಲ್ಲಿ ಬಾಗಿಲಿನ ಜೊತೆಗೇ ಗಂಭೀರವಾಗಿ ನೋಡಬೇಕಾದದ್ದು ಇದು.

ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿಯ ಒಳಗೆ ಇರುವ ಪ್ಲೇಟುಗಳೆಲ್ಲ ಸೀಸದವು. ಮುಚ್ಚಿದ ಬ್ಯಾಟರಿಯಿಂದ ಅಪಾಯ ಇಲ್ಲ. ನಿಮ್ಮ ಮನೆಯ ಇನ್ವರ್ಟರ್ ಬಗ್ಗೆ ಹೆದರಬೇಡಿ. ತೊಂದರೆ ಶುರುವಾಗುವುದು ಅದನ್ನು ಒಡೆದಾಗ. ರಿಪೇರಿ ಅಂಗಡಿಯಲ್ಲಿ ಮುಚ್ಚಳ ಕತ್ತರಿಸುತ್ತಾರೆ, ಪ್ಲೇಟ್ ಹೊರಗೆ ಎಳೆಯುತ್ತಾರೆ, ಉದುರಿದ ಬೂದು ಬಣ್ಣದ ಪುಡಿಯನ್ನು ಕಸಬರಿಗೆಯಿಂದ ಗುಡಿಸುತ್ತಾರೆ, ತುಂಡು ಸೀಸ ಕಾಯಿಸಿ ಕರಗಿಸಿ ಟರ್ಮಿನಲ್ ಕೂಡಿಸುತ್ತಾರೆ. ಆ ಪುಡಿ ಅಂಗಿ, ಕೂದಲು, ಉಗುರಿನ ಸಂದಿ, ಮೊಬೈಲಿನ ಕವರ್, ಬೈಕಿನ ಸೀಟು ಎಲ್ಲ ಕಡೆ ಅಂಟುತ್ತದೆ. ಸಂಜೆ ಅಪ್ಪ ಮನೆಗೆ ಬಂದ ಕೂಡಲೇ ಮಗ ಓಡಿಹೋಗಿ ಕಾಲು ಹಿಡಿಯುತ್ತಾನೆ. ಅಪ್ಪ ಎತ್ತಿಕೊಂಡು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ ಒಂದು ಸುತ್ತು ಹೊಡೆಸುತ್ತಾರೆ. ಮಗು ಟ್ಯಾಂಕ್ ಹಿಡಿದ ಕೈಯನ್ನೇ ಬಾಯಿಗೆ ಹಾಕುತ್ತದೆ.

ಕೆಲಸ ಬಿಡಿ ಅಂತ ಹೇಳುವುದು ಸುಲಭ, ಬಿಡುವುದು ಸುಲಭ ಅಲ್ಲ. ಆದರೆ ಧೂಳು ಮನೆಗೆ ಬರದ ಹಾಗೆ ಮಾಡಬಹುದು. ಅಂಗಡಿಯಲ್ಲಿ ಹಾಕುವ ಅಂಗಿ, ಪ್ಯಾಂಟು, ಚಪ್ಪಲಿ ಬೇರೆ ಇರಲಿ, ಅವು ಅಂಗಡಿಯಲ್ಲೇ ಉಳಿಯಲಿ. ಆಗದಿದ್ದರೆ ಹಿತ್ತಲಲ್ಲಿ ಬಿಚ್ಚಿ ಮುಚ್ಚಳದ ಬಕೆಟ್ಟಿಗೆ ಹಾಕಲಿ. ತಲೆಗೂ ನೀರು ಹಾಕಿಕೊಂಡು ಸ್ನಾನ ಮುಗಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಮೊದಲ ಒಂದು ವಾರ ಮಗ ಅತ್ತು ರಂಪ ಮಾಡುತ್ತಾನೆ, ಆಮೇಲೆ ರೂಢಿಯಾಗುತ್ತದೆ. ಆ ಬಟ್ಟೆ ಒಗೆಯುವಾಗ ಮನೆಯವರ ಬಟ್ಟೆ ಜೊತೆ ಸೇರಿಸಬೇಡಿ, ಒಣಗಿದ್ದನ್ನು ಕೊಡವಬೇಡಿ. ಈಗ ಬಸುರಿ ಇರುವ ನೀವಂತೂ ಮುಟ್ಟಲೇಬೇಡಿ, ಅವರೇ ಒಗೆದುಕೊಳ್ಳಲಿ.

ಅವರಿಗೆ ತಂಬಾಕಿನ ರೂಢಿ ಇದೆಯಾ, ನೀವು ಬರೆದಿಲ್ಲ. ಇದ್ದರೆ ಇದನ್ನು ಅವರಿಗೆ ಓದಿ ಹೇಳಿ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವಾಗ, ಅಂಗೈಯ ಸೀಸದ ಪುಡಿಯೂ ಅದರಲ್ಲೇ ಕಲಸಿ ಬಾಯಿಗೆ ಹೋಗುತ್ತದೆ. ಬೀಡಿ ಸೇದಿದರೂ ಬೆರಳಿನದು ತುಟಿಗೆ ಬರುತ್ತದೆ. ಈ ಕಸುಬಿನವರಲ್ಲಿ ಹೊಟ್ಟೆನೋವು, ಮಲಬದ್ಧತೆ, ಕೈಕಾಲು ಜೋಮು, ಬಿಪಿ ಕಾಣಿಸಿಕೊಂಡರೆ ಗ್ಯಾಸ್ ಅಂತ ಸುಮ್ನೆ ಕೂರಬಾರದು. ಮಗುವಿನ ಜೊತೆ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಅಂಗಡಿಯಿಂದ ಹಳೆ ಪ್ಲೇಟು, ಸೀಸದ ತುಂಡು ಏನನ್ನೂ ಮನೆಗೆ ತರುವುದು ಬೇಡ. ಹಳೆ ಬ್ಯಾಟರಿಯನ್ನು ನೋಂದಾಯಿತ ಮರುಬಳಕೆ ಘಟಕಕ್ಕೇ ತಲುಪಿಸಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಹೇಳುತ್ತದೆ. ಹಿತ್ತಲಲ್ಲಿ ಕುಲುಮೆ ಹಚ್ಚಿ ಸೀಸ ಕರಗಿಸಿ ಮಾರುವುದು ಕಾನೂನಿನ ಮಾತು ಹಾಗಿರಲಿ, ಓಣಿಯ ಅಷ್ಟೂ ಮಕ್ಕಳ ಆಟದ ಮಣ್ಣನ್ನು ವರ್ಷಗಟ್ಟಲೆ ಕೆಡಿಸುತ್ತದೆ. ಸೀಸ ಕೊಳೆಯುವುದಿಲ್ಲ. 2000ದಲ್ಲಿ ಸೀಸದ ಪೆಟ್ರೋಲ್ ದೇಶದಲ್ಲಿ ನಿಂತಿತು. ಅದಕ್ಕೂ ಮುಂಚೆ ಗಾಡಿಗಳ ಹೊಗೆಯಿಂದ ರಸ್ತೆ ಬದಿಯ ಮಣ್ಣಿಗೆ ಬಿದ್ದ ಸೀಸ ಇವತ್ತಿಗೂ ಅಲ್ಲೇ ಇದೆ.

ಅರಿಶಿನಕ್ಕೆ ಬರೋಣ. ವಿಡಿಯೋ ಪೂರ್ತಿ ಸುಳ್ಳಲ್ಲ. ಬಣ್ಣ ಕಡಿಮೆ ಇರುವ ಕೊಂಬಿಗೆ ಪಾಲಿಶ್ ಮಾಡುವಾಗ ಲೆಡ್ ಕ್ರೋಮೇಟ್ ಬಳಿಯುವ ಚಾಳಿ ದಕ್ಷಿಣ ಏಷ್ಯಾದಲ್ಲಿ ಕಂಡುಬಂದಿದೆ. ನಿಮ್ಮ ಕಿಟಕಿಯ ಮೇಲಿರಬಹುದಾದ ಅದೇ ಹಳದಿ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಅಲ್ಲಿನ ಸರಕಾರ ದಾಳಿ ಮಾಡಿ, ದಂಡ ಹಾಕಿ, ವ್ಯಾಪಾರಿಗಳಿಗೆ ತಿಳಿಹೇಳಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡು ವರ್ಷ ಸಾಕಾಯಿತು, ನೋಡಿ.

ನಮ್ಮಲ್ಲಿ ಅರಿಶಿನಕ್ಕೆ ಕಾನೂನಿನ ಮಿತಿ 10 ಪಿಪಿಎಂ. ಅಂದರೆ ಒಂದು ಗ್ರಾಂ ಪುಡಿಯಲ್ಲಿ 10 ಮೈಕ್ರೋಗ್ರಾಂ. ಮಗು ದಿನಕ್ಕೆ ಕಾಲು ಗ್ರಾಂ ತಿಂದರೆ ಎರಡೂವರೆ ಮೈಕ್ರೋಗ್ರಾಂ. ಮಿತಿಯ ಅಂಚಿನಲ್ಲಿರುವ ಪುಡಿ ಕೂಡ ಮಗುವಿನ ಮಟ್ಟಿಗೆ ಸಣ್ಣದಲ್ಲ. ಬಣ್ಣ ಬಳಿದ ಮಾಲಿನಲ್ಲಿ ಇದರ ಹತ್ತಾರು ಪಟ್ಟು ಇರಬಹುದು. ಹಾಗಂತ ಅರಿಶಿನ ಬಿಡಬೇಕಾಗಿಲ್ಲ. ನೀವು ಇರುವುದೇ ಅರಿಶಿನ ಬೆಳೆಯುವ ಸೀಮೆಯಲ್ಲಿ. ತೇರದಾಳ, ಮಹಾಲಿಂಗಪುರ, ಮುಧೋಳ, ಆ ಕಡೆ ರಾಯಬಾಗದ ರೈತರು ಬೆಳೆದ ಮಾಲು ಸಾಂಗ್ಲಿ ಪೇಟೆಗೆ ಹೋಗುತ್ತದೆ. ಪೇಟೆಗೆ ಹೋಗುವ ಮುಂಚೆಯೇ ಪರಿಚಯದ ರೈತರಿಂದ ವರ್ಷಕ್ಕೆ ಬೇಕಾಗುವಷ್ಟು ಕುದಿಸಿ ಒಣಗಿಸಿದ ಕೊಂಬು ತಂದುಕೊಳ್ಳಿ. ಪಾಲಿಶ್ ಆಗದ್ದು ಮಂಕಾಗಿ, ಸಿಪ್ಪೆ ಸಿಪ್ಪೆಯಾಗಿ ಕಾಣುತ್ತದೆ. ಅದೇ ಬೇಕು. ತೊಳೆದು, ಒಣಗಿಸಿ, ಗಿರಣಿಯಲ್ಲಿ ನಿಮ್ಮ ಕಣ್ಣೆದುರಿಗೇ ಕುಟ್ಟಿಸಿ. ಅಂಗಡಿಯಲ್ಲಿ ತರುವುದಾದರೆ ಬಿಡಿ ಪುಡಿ ಬೇಡ, ಕಣ್ಣಿಗೆ ಹೊಡೆಯುವಂಥ ಹಳದಿ ಬೇಡ. ಗ್ಲಾಸಿನ ನೀರಿಗೆ ಹಾಕಿ ನೋಡುವ ಪರೀಕ್ಷೆಯನ್ನು ನಂಬಿ ಕೂರಬೇಡಿ, ಮಗುವಿಗೆ ತೊಂದರೆ ಕೊಡುವಷ್ಟು ಸೀಸ ಅದರಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಕಾಡಿಗೆ: ಹರಳೆಣ್ಣೆ ದೀಪದ ಕಪ್ಪು ಹಿಡಿದು ಅತ್ತೆ ಮನೆಯಲ್ಲೇ ಮಾಡಿದ್ದರೆ ಅದರಲ್ಲಿ ಸೀಸ ಇರುವುದಿಲ್ಲ. ಸಂತೆಯಲ್ಲಿ, ಉರುಸಿನಲ್ಲಿ ಸಿಗುವ ಕಲ್ಲು ಅರೆದು ಮಾಡಿದ ಸುರ್ಮಾ ಮಾತ್ರ ಬೇಡ. ಆ ಹೊಳೆಯುವ ಕಪ್ಪು ಕಲ್ಲು ಹಲವು ಸಲ ಸೀಸದ ಅದಿರೇ ಆಗಿರುತ್ತದೆ. ಮಗು ಕಣ್ಣು ಉಜ್ಜಿ ಬೆರಳು ಚೀಪುತ್ತದೆ, ಅಷ್ಟೇ ಸಾಕು. ಮನೆಯ ಕಾಡಿಗೆಯನ್ನೂ ಕಣ್ಣೊಳಗೆ ಹಚ್ಚುವುದು ಬೇಡ, ಸೋಂಕು ಆಗುತ್ತದೆ. ಅಂಗಾಲಿಗೊಂದು ದೃಷ್ಟಿ ಬೊಟ್ಟು ಇಟ್ಟರೆ ಅತ್ತೆಗೂ ಸಮಾಧಾನ, ನಿಮಗೂ ಸಮಾಧಾನ.

ಗುಟ್ಟಿ ವಿಷಯದಲ್ಲಿ ಅತ್ತೆ ಜೊತೆ ಜಗಳ ಬೇಡ. ಬೇರು, ಕಾಯಿ ತೇಯುವ ಗುಟ್ಟಿ ಮಗುವಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಅದರಿಂದ ಸೀಸ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ನಾನು ಹೆದರುವುದು ಪುಡಿಕೆಯಲ್ಲಿ ಕಟ್ಟಿಕೊಡುವ, ಒಳಗೇನಿದೆ ಅಂತ ಬರೆಯದ ಪುಡಿ, ಗುಳಿಗೆಗೆ. ನಾಗಭಸ್ಮ ಅಂದರೆ ಸೀಸದ ಭಸ್ಮವೇ. ಹೆಸರಿಲ್ಲದ, ಭಸ್ಮ ಸೇರಿದ ಯಾವುದನ್ನೂ ಕೂಸಿಗೆ ಹಾಕಬೇಡಿ. ಹಾಗೆಯೇ ಹಣಮಪ್ಪನ ಗುಡಿಯಿಂದ ತಂದ ಕೇಸರಿ ಸಿಂಧೂರವನ್ನು ಮಗುವಿನ ಹಣೆಗೆ ಇಡಬೇಡಿ. ಹಳೆ ಕಾಲದಿಂದ ಸಿಂಧೂರ ಅಂದರೆ ಸೀಸದ ಆಕ್ಸೈಡೇ. ಅರಿಶಿನ, ಸುಣ್ಣ ಸೇರಿಸಿ ಮಾಡುವ ಕುಂಕುಮದಲ್ಲಿ ಅದು ಇರಬೇಕಾಗಿಲ್ಲ, ಆದರೆ ಪೇಟೆಯಲ್ಲಿ ಎರಡೂ ಕಲಬೆರಕೆ ಆಗುತ್ತವೆ.

ಪಾತ್ರೆಗೆ ಸ್ಟೀಲ್ ಇದ್ದರೆ ಚಿಂತೆ ಇಲ್ಲ. ಗುಜರಿ ಕರಗಿಸಿ ಎರಕ ಹೊಯ್ದ ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸಿ ಹಾಗೇ ಇಡಬೇಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಆಗಬೇಕು, ಸೀಸ ಬೆರೆಸಿದ್ದು ಅಗ್ಗಕ್ಕೆ ಬರುತ್ತದೆ. ನಳದ ನೀರನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಹರಿಬಿಟ್ಟು ಆಮೇಲೆ ಕುಡಿಯಲು ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ. ಆಟಿಗೆಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ, ಅದನ್ನು ನೋಡಿ ತನ್ನಿ. ಶೋಕೇಸಿನಲ್ಲಿಟ್ಟ ಗೋಕಾಕದ ಕಟ್ಟಿಗೆ ಹಣ್ಣುಗಳು ನೋಡಲು ಚೆಂದ, ಮಗುವಿನ ಬಾಯಿಗೆ ಮಾಡಿದವಲ್ಲ. ಹೋಳಿಯಲ್ಲಿ ಬಾಗಲಕೋಟೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಬಣ್ಣದ ಬಂಡಿ ಬರುವ ದಿನಗಳಲ್ಲಿ ಇಷ್ಟು ಚಿಕ್ಕ ಮಗು ಮಾಳಿಗೆ ಮೇಲಿಂದ ನೋಡಿದರೆ ಸಾಕು.

ರಕ್ತ ತಪಾಸಣೆ ಮಾಡಿಸಬೇಕಾ ಅಂತ ಕೇಳಿದ್ದೀರಿ. ಹೌದು, ಮಾಡಿಸಿ. ಎಲ್ಲ ತಾಯಂದಿರಿಗೂ ನಾನು ಹೀಗೆ ಹೇಳುವುದಿಲ್ಲ. ನಿಮ್ಮ ಮಗ ಹಳೆ ಬಣ್ಣ ಕಚ್ಚಿದ್ದಾನೆ, ಅಪ್ಪನ ಕಸುಬು ಸೀಸದ್ದು. ಎರಡೂ ಇರುವಾಗ ಊಹೆ ಮಾಡುತ್ತಾ ಕೂರುವುದು ಬೇಡ. ಲಕ್ಷಣ ನೋಡಿ ತಿಳಿಯೋಣ ಅಂದರೆ ಆಗದು. ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣಿಸುವುದೇ ಇಲ್ಲ. ಕಂಡರೂ ಹೊಟ್ಟೆನೋವು, ಹಸಿವಿಲ್ಲದಿರುವುದು, ಮಲಬದ್ಧತೆ, ಕಿರಿಕಿರಿ, ಮಾತು ತಡವಾಗುವುದು, ಇಂಥವು. ಇವಕ್ಕೆ ನೂರು ಕಾರಣ ಇರುತ್ತವೆ.

ಮಕ್ಕಳ ಡಾಕ್ಟರ ಹತ್ತಿರ ಹೋಗಿ ‘ಬ್ಲಡ್ ಲೆಡ್ ಲೆವೆಲ್’ ಬೇಕು ಅಂತ ಹೇಳಿ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಬರುವುದಿಲ್ಲ. ದೊಡ್ಡ ಲ್ಯಾಬಿನವರು ಇಲ್ಲಿ ರಕ್ತ ತೆಗೆದು ದೊಡ್ಡ ಊರಿಗೆ ಕಳಿಸುತ್ತಾರೆ. ರಕ್ತನಾಳದಿಂದಲೇ ತೆಗೆಸಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಸುಳ್ಳು ಏರಿಕೆ ತೋರಿಸಬಹುದು. ಜೊತೆಗೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂಬುದು) ಕೂಡ ನೋಡಿಸಿ.

ವರದಿಯಲ್ಲಿ ಬರುವ ಸಂಖ್ಯೆ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಎಂಬುದು. ಇಷ್ಟು ಇದ್ದರೆ ಏನೂ ಆಗದು ಎನ್ನುವಂಥ ಸುರಕ್ಷಿತ ಮಟ್ಟ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಅಥವಾ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಎಂಬುದು ಅದರ ಸೂಚನೆ. ಅಮೆರಿಕದವರು 2021ರಿಂದ 3.5ಕ್ಕೇ ಎಚ್ಚರದ ಗೆರೆ ಎಳೆದಿದ್ದಾರೆ. ಲ್ಯಾಬಿನ ಹಾಳೆಯಲ್ಲಿ ‘10ರ ಒಳಗೆ ನಾರ್ಮಲ್’ ಅಂತ ಹಳೆ ಅಚ್ಚು ಇದ್ದರೆ ಅದನ್ನು ನಂಬಬೇಡಿ. 6, 7 ಅಂತ ಬಂದರೆ ಎದೆ ಒಡೆದುಕೊಳ್ಳಲೂ ಬೇಡಿ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಎಂಬ ಸಂಸ್ಥೆ 2020ರಲ್ಲಿ ತಂದ ವರದಿಯ ಅಂದಾಜಿನ ಪ್ರಕಾರ ಜಗತ್ತಿನ ಮೂರರಲ್ಲಿ ಒಂದು ಮಗುವಿಗೆ 5 ಅಥವಾ ಹೆಚ್ಚು ಇದೆ. ಅದರಲ್ಲಿ ನಮ್ಮ ದೇಶದ ಮಕ್ಕಳೇ 27 ಕೋಟಿಗೂ ಮೇಲೆ. ಒಂದು ಸಂಖ್ಯೆಯಿಂದ ನಿಮ್ಮ ಮಗನ ಬುದ್ಧಿ ಎಷ್ಟು ಕಡಿಮೆಯಾಯಿತು ಅಂತ ಯಾರೂ ಲೆಕ್ಕ ಹೇಳಲಾರರು. ಏನು ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ, ಅದಕ್ಕೇ ಪರೀಕ್ಷೆ.

ಔಷಧದ ಮಾತು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳಿವೆ, ಚಿಲೇಷನ್ ಅನ್ನುತ್ತಾರೆ. ಮಕ್ಕಳಲ್ಲಿ ಅದನ್ನು ಕೊಡುವುದು 45 ಅಥವಾ ಹೆಚ್ಚು ಬಂದಾಗ, ಆಸ್ಪತ್ರೆಯ ನಿಗಾದಲ್ಲಿ. ಫಿಟ್ಸ್, ಬಿಡದ ವಾಂತಿ, ಮಂಕು ಕವಿಯುವುದು ಇದ್ದರೆ ಅದು ತುರ್ತು, ಸೀದಾ ದೊಡ್ಡ ಆಸ್ಪತ್ರೆಗೆ ಓಡಬೇಕು. 45ಕ್ಕಿಂತ ಕೆಳಗಿನ ಮಟ್ಟಕ್ಕೂ ಔಷಧ ಕೊಟ್ಟು ನೋಡಿದ್ದಾರೆ. ಅಮೆರಿಕದಲ್ಲಿ 20ರಿಂದ 44ರ ನಡುವೆ ಇದ್ದ ಮಕ್ಕಳಿಗೆ ಸಕ್ಸಿಮರ್ ಎಂಬ ಔಷಧ ಕೊಟ್ಟು ಮಾಡಿದ ದೊಡ್ಡ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ರಕ್ತದ ಸೀಸ ಇಳಿಯಿತು, ಆದರೆ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಏನೂ ಲಾಭ ಕಾಣಲಿಲ್ಲ. ಹಾಗಾಗಿ ‘ಸೀಸ ತೆಗೆಯುವ ಡ್ರಾಪ್ಸ್’ ಅಂತ ಯಾರಾದರೂ ಮೊಬೈಲಿನಲ್ಲಿ ಮಾರಿದರೆ ದುಡ್ಡು ಕೊಡಬೇಡಿ. ಬರುವ ದಾರಿ ಮುಚ್ಚಿದರೆ ರಕ್ತದ ಸೀಸ ತಾನಾಗಿ ಇಳಿಯುತ್ತದೆ. ಒಂದು ತಿಂಗಳಲ್ಲಿ ಸುಮಾರು ಅರ್ಧದಷ್ಟು ಸೀಸ ರಕ್ತದಿಂದ ಹೊರಗೆ ಹೋಗುತ್ತದೆ, ಆದರೆ ಒಂದು ಪಾಲು ಎಲುಬಿನಲ್ಲಿ ಕೂತು ವರ್ಷಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಇಳಿಕೆ ನಿಧಾನವಾದರೆ ಅದಕ್ಕೇ.

ಊಟದಿಂದ ಸೀಸ ತೊಳೆದುಹೋಗುವುದಿಲ್ಲ, ಒಳಗೆ ಸೇರುವುದು ಕಡಿಮೆಯಾಗುತ್ತದೆ. ನಮ್ಮ ಅಡಿಗೆಯಲ್ಲೇ ಬೇಕಾದಷ್ಟಿದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಿ. ಮೊಸರು, ರಾಗಿ ಗಂಜಿ, ಗುರೆಳ್ಳು ಚಟ್ನಿಪುಡಿ, ಮೆಂತೆ ಪಲ್ಯ, ತಿನ್ನುವವರಾದರೆ ಮೊಟ್ಟೆ, ಜೊತೆಗೊಂದು ಪೇರಲ ಹಣ್ಣು ಅಥವಾ ಲಿಂಬೆ ಹಿಂಡಿದ ಬೇಳೆ. ಬೆಳಿಗ್ಗೆ ಎದ್ದು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಮೂಲಕ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ಸಿರಪ್ ಇದೆಯಲ್ಲ, ಅದನ್ನು ಮಲ ಕಪ್ಪಾಗುತ್ತದೆ ಅಂತ ಮೂಲೆಗಿಡಬೇಡಿ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಕಸ ಗುಡಿಸುವುದಕ್ಕಿಂತ ಒದ್ದೆ ಅರಿವೆಯಲ್ಲಿ ಒರೆಸುವುದು ಮೇಲು, ಅದರಲ್ಲೂ ಕಿಟಕಿಯ ಕಟ್ಟೆ ಮತ್ತು ಹೊಸ್ತಿಲ ಸುತ್ತ. ಬಣ್ಣದ ಕೆಲಸ ಆಗುವ ತನಕ ಆ ಕಿಟಕಿಯ ಕೆಳಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಟೇಪ್ ಸುತ್ತಿಬಿಡಿ, ಅದರ ಮುಂದೆ ಮಂಚ ಎಳೆಯಿರಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಮಗುವಿನ ಕೈಗೆ ಸೋಪು. ಸುಮ್ನೆ ನೀರಿನಲ್ಲಿ ಅದ್ದಿದರೆ ಸೀಸದ ಧೂಳು ಹೋಗುವುದಿಲ್ಲ.

ನಿಮ್ಮ ಬಗ್ಗೆ ಕೊನೆಗೆ ಹೇಳುತ್ತಿದ್ದೇನೆ, ಆದರೆ ಇದೂ ಅಷ್ಟೇ ಮುಖ್ಯ. ತಾಯಿಯ ರಕ್ತದ ಸೀಸ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ. ಬಸುರಿಯಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮೈ ಅದನ್ನು ಎಲುಬಿನಿಂದ ತೆಗೆಯುತ್ತದೆ, ಜೊತೆಗೆ ಅಲ್ಲಿ ಕೂತ ಹಳೆ ಸೀಸವೂ ಹೊರಡುತ್ತದೆ. ಮಗನ ಜೊತೆ ನಿಮ್ಮದೂ ಒಂದು ಪರೀಕ್ಷೆ ಆಗಲಿ. ತಪಾಸಣೆಯಲ್ಲಿ ಕೊಟ್ಟ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ ಎರಡನ್ನೂ ತಪ್ಪದೆ ತೆಗೆದುಕೊಳ್ಳಿ, ಒಟ್ಟಿಗೆ ಬೇಡ, ಒಂದು ಬೆಳಿಗ್ಗೆ ಒಂದು ರಾತ್ರಿ. ಮಣ್ಣು ತಿನ್ನುವ ಬಯಕೆ ಆಗುತ್ತಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಸಂತೆಯಲ್ಲಿ ಮಾರುವ ಸುಟ್ಟ ಮಣ್ಣಿನ ತುಂಡಿನಲ್ಲೂ ಸೀಸ ಇರಬಹುದು.

ಮಗನ ಮೊದಲ ವರದಿ ಬಂದ ಮೇಲೆ, ಬಾಗಿಲಿನ ಕೆಲಸ ಮುಗಿಸಿ, ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ತೆಗೆಸಿ. ಮೊದಲನೆಯದು 10 ದಾಟಿದ್ದರೆ ಒಂದು ತಿಂಗಳಿಗೇ ತೆಗೆಸಿ. ಎರಡೂ ವರದಿಗಳನ್ನು ಲಸಿಕೆ ಕಾರ್ಡಿನ ಜೊತೆ ಇಟ್ಟುಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಎರಡನೆಯದು ಇಳಿಯದಿದ್ದರೆ ನಾವು ಇನ್ನೂ ನೋಡದ ಯಾವುದೋ ಮೂಲ ಮನೆಯಲ್ಲೋ ಅಂಗಡಿಯಲ್ಲೋ ಉಳಿದಿದೆ ಅಂತ ಅರ್ಥ. ಆಗ ಮತ್ತೆ ಬರೆಯಿರಿ.